ಎಡಗೈಯವರಿಗೆ ಆದ್ಯತೆ

ಅಂಗಡಿಯ ಮಹಡಿ,
ಶನಿವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ಹೇಗಿದ್ದೀ? ಕೆಮ್ಮು ಇಳಿದಿದೆಯೇ? ಮೆಟ್ಟಿಲು ಹತ್ತುವಾಗ ಈಗಲೂ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತೀಯಾ? ಡಾಕ್ಟರು ಕೊಟ್ಟ ಔಷಧಿಯ ಪಂಪನ್ನು ಹೊತ್ತಿಗೆ ಸರಿಯಾಗಿ ಎಳೆದುಕೋ, ನಿನ್ನ ಅಕ್ಕನ ಕಣ್ಣು ತಪ್ಪಿಸಿ ದಿಂಬಿನ ಕೆಳಗೆ ತಳ್ಳಬೇಡ. ಸದ್ಯಕ್ಕೆ ಹಿಟ್ಟಿನ ಹತ್ತಿರ ಹೋಗಬೇಡಿ ಎಂದು ಡಾಕ್ಟರು ಹೇಳಿದರು, ಅಕ್ಕನ ಮನೆಯಲ್ಲಿ ಧೂಳಿಲ್ಲದ್ದರಿಂದ ಚೆನ್ನಾಗಿ ನಿದ್ದೆ ಬರುತ್ತಿದೆ ಎಂದು ನೀನು ಬರೆದಿದ್ದೆ. ಓದಿ ಸಂತೋಷವೂ ಆಯಿತು, ಭಯವೂ ಆಯಿತು. ನಮ್ಮ ಬೇಕರಿಯಲ್ಲಿ ಹಿಟ್ಟಿಲ್ಲದ ಜಾಗ ಎಲ್ಲಿದೆ ಹೇಳು.

ನಾನು ಚೆನ್ನಾಗಿದ್ದೇನೆ ಎಂದು ಬರೆಯೋಣ ಅಂದುಕೊಂಡಿದ್ದೆ. ಸುಳ್ಳು. ಕೈಕಾಲೇ ಆಡುತ್ತಿಲ್ಲ. ಇಷ್ಟು ವರ್ಷ ಗಲ್ಲಾದ ಮುಂದೆ ಕೂತು ಚಿಲ್ಲರೆ ಕೊಡುತ್ತಿದ್ದವನು ಈಗ ಹಿಟ್ಟು ನಾದುತ್ತಿದ್ದೇನೆ. ನನ್ನ ಬ್ರೆಡ್ಡು ಗೋಡೆ ಕಟ್ಟಲು ಆದೀತು, ತಿನ್ನಲು ಆಗದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ದಿನಾ ಭಟ್ಟಿಯನ್ನು ಬೈಯುತ್ತೇನೆ. ಎದುರು ಮನೆಯ ಮೇಷ್ಟ್ರು, ನಿನ್ನ ಬನ್ನಿಲ್ಲದೆ ಕಾಫಿ ಕುಡಿಯದವರು, ಈಗ ತಲೆ ತಗ್ಗಿಸಿಕೊಂಡು ಪಕ್ಕದ ಬೀದಿಯ ಅಂಗಡಿಗೆ ಹೋಗುತ್ತಾರೆ. ಹೀಗೇ ನಡೆದರೆ ತಿಂಗಳ ಕೊನೆಗೆ ಬಾಗಿಲು ಹಾಕಬೇಕಾಗುತ್ತದೆ.

ಅದಕ್ಕೇ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟೆ. ಮೊದಲನೆಯದನ್ನು ದೊಡ್ಡ ಕಂಪನಿಯವರ ಹಾಗೆ ಬರೆದೆ: ‘ಉತ್ಸಾಹಿಗಳಿಗೆ ಸುವರ್ಣಾವಕಾಶ, ಆಹ್ಲಾದಕರ ವಾತಾವರಣ.’ ಇಸ್ತ್ರಿ ಅಂಗಿಯವರ ಸಾಲೇ ಬಂತು. ಭಟ್ಟಿಯ ಬಾಗಿಲು ತೆಗೆದ ಕೂಡಲೇ ಒಬ್ಬ, ‘ಎ.ಸಿ. ಎಲ್ಲಿದೆ ಸಾರ್?’ ಅಂದ. ಅವನ ತಪ್ಪಲ್ಲ, ಆಹ್ಲಾದಕರ ಎಂದು ಬರೆದವನು ನಾನು. ಎರಡನೆಯ ಸಲ ಇದ್ದದ್ದನ್ನು ಇದ್ದ ಹಾಗೇ ಬರೆದೆ: ‘ಹಿಟ್ಟು ಉಬ್ಬಿದ್ದು ಸಾಕೇ ಎಂದು ಬೆರಳೊತ್ತಿ ಹೇಳಬಲ್ಲವರು, ಬಿಸಿ ತಡೆಯುವವರು, ಯಜಮಾನನ ತಪ್ಪನ್ನು ಮುಖಕ್ಕೇ ಹೇಳುವವರು ಬೇಕಾಗಿದ್ದಾರೆ. ಎಡಗೈಯವರಿಗೆ ಆದ್ಯತೆ. ಕೆಲಸ ತಾತ್ಕಾಲಿಕ.’

ಪತ್ರಿಕಾ ಕಚೇರಿಯಲ್ಲಿ ಜಾಹೀರಾತು ತೆಗೆದುಕೊಳ್ಳುವ ಮೇಡಂ ಅದನ್ನು ಓದಿ ಕನ್ನಡಕ ತೆಗೆದಿಟ್ಟರು. ‘ಸಾರ್, ನಿಮಗೆ ಕೆಲಸದವರು ಬೇಕೋ, ನಿಮ್ಮ ಮನೆಯವರೇ ಬೇಕೋ?’ ಅಂದರು. ಎಡಗೈ ಯಾಕೆ ಅಂತಲೂ ಕೇಳಿದರು. ನಾದುವ ಮೇಜು, ಹಿಟ್ಟಿನ ಡಬ್ಬ, ಭಟ್ಟಿಯಿಂದ ಬ್ರೆಡ್ಡು ಎಳೆಯುವ ಉದ್ದ ಹಿಡಿಯ ಹಲಗೆ, ಎಲ್ಲವೂ ನಿನ್ನ ಎಡಗೈಗೆ ಹೊಂದಿಸಿ ಇಟ್ಟಂಥವು, ಬಲಗೈಯವನಾದ ನಾನು ದಿನಾ ಮೊಣಕೈ ಸುಟ್ಟುಕೊಳ್ಳುತ್ತೇನೆ ಎಂದೆ. ‘ಮೇಜು ತಿರುಗಿಸಿ ಸಾರ್, ಅದಕ್ಕೋಸ್ಕರ ಜನರನ್ನ ಯಾಕೆ ಸೋಸ್ತೀರಿ? ಆ ತಾತ್ಕಾಲಿಕ ಅನ್ನೋದನ್ನೂ ತೆಗೀರಿ. ಕೆಲಸ ಗೊತ್ತಿರೋರು ಯಾರೂ ಇರೋದನ್ನ ಬಿಟ್ಟು ತಾತ್ಕಾಲಿಕಕ್ಕೆ ಬರಲ್ಲ.’ ನನಗೆ ಸಿಟ್ಟು ನೆತ್ತಿಗೇರಿತು. ಎರಡನ್ನೂ ತೆಗೆಯುವುದಿಲ್ಲ ಎಂದು ಹಠ ಹಿಡಿದು ಹಾಗೇ ಹಾಕಿಸಿದೆ. ಒಂದು ನರಪಿಳ್ಳೆಯೂ ಬರಲಿಲ್ಲ. ಮೇಡಂ ಹೇಳಿದ್ದು ಸರಿ ಎಂದು ಗೊತ್ತಿದ್ದೂ ಮತ್ತೆ ಅದನ್ನೇ ಹಾಕಿಸಿದೆ. ನಿನ್ನ ಗಂಡ ಎಂಥವನೆಂದು ನಿನಗೆ ಗೊತ್ತಲ್ಲ.

ನಿನ್ನೆ ಬೆಳಿಗ್ಗೆ ಅದೇ ಜಾಹೀರಾತು ಹಿಡಿದುಕೊಂಡು ಒಬ್ಬ ಹೆಂಗಸು ಬಂದರು. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಬ್ರೆಡ್ಡು ಮಾಡಿ ಪಳಗಿದವರು. ಕೈ ತೊಳೆದು, ನಾನು ನಾದಿಟ್ಟಿದ್ದ ಹಿಟ್ಟನ್ನು ಒತ್ತಿ ನೋಡಿ, ‘ಇದನ್ನ ಯಾರು ಕೊಂದಿದ್ದು?’ ಅಂದರು. ನೀನೇ ಮಾತಾಡಿದ ಹಾಗಾಯಿತು ಕಣೇ. ಮಧ್ಯಾಹ್ನ ಅವರು ಹೊರಗೆಳೆದ ಬನ್ನು ನೋಡಿ ನನಗೆ ಅಳು ಬಂತು. ಆದರೆ ಬಲಗೈಯವರು. ‘ಮೇಜು ತಿರುಗಿಸಿಕೊಡಿ, ಬರ್ತೀನಿ. ಆದ್ರೆ ಎಷ್ಟು ದಿನಕ್ಕೆ ಅಂತ ಹೇಳ್ಬೇಕು. ಇರೋ ಕೆಲಸ ಬಿಟ್ಟು ಬರೋಳು ನಾನು’ ಅಂದರು. ನನ್ನ ಹೆಂಡತಿ ಬರುವವರೆಗೆ ಎಂದೆ. ‘ಯಾವಾಗ ಬರ್ತಾರೆ?’ ಅಂದರು. ಕೇಳಿ ಹೇಳುತ್ತೇನೆ ಎಂದು ಕಳಿಸಿದೆ. ಕಾಯುತ್ತೇನೆ ಅಂದಿದ್ದಾರೆ, ಆದರೆ ಬಹಳ ದಿನ ಅಲ್ಲ.

ನಿನ್ನ ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತುಹೊತ್ತಿಗೆ ಉಣ್ಣು. ಅವರ ಅಡುಗೆಮನೆಗೆ ನುಗ್ಗಿ ಯಜಮಾನಿಕೆ ಮಾಡಬೇಡ. ದೇವರು ನಿನ್ನ ಎದೆಯನ್ನು ಹಗುರ ಮಾಡಲಿ.

ನಿನ್ನ,
‘ರೀ’

ತಾ.ಕ.: ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು, ಇದೊಂದು ಮಾತು. ಡಾಕ್ಟರು ಹೇಳಿದ್ದು ಅಂತ ಬರೆದಿದ್ದೀಯಲ್ಲ, ಆ ‘ಸದ್ಯಕ್ಕೆ’ ಅವರೇ ಹೇಳಿದ್ದೋ, ನನ್ನ ಮುಖ ನೆನೆದು ನೀನು ಸೇರಿಸಿದ್ದೋ? ನಿಜ ಬರೆ. ಅಂಗಡಿ ಹಾಳಾಗಿಹೋಗಲಿ, ನನಗೆ ನಿನ್ನ ಉಸಿರು ಬೇಕು. ಬೆಳಿಗ್ಗೆ ಮೇಜಿನ ಒಂದು ತುದಿ ಎತ್ತಿ ನೋಡಿದೆ. ಎತ್ತಲು ಬಂತು. ಆದರೂ ಇದ್ದಲ್ಲೇ ಇಟ್ಟುಬಿಟ್ಟೆ. ನೀನೇ ಹೇಳು. ತಿರುಗಿಸಲೇ?