ನೋಂಬಿನ ಮಾತ್ರೆ

ಮಾರ್ಚ್ 5
ಕುಂಬ್ರದ ಮೆಡಿಕಲ್‌ನಲ್ಲಿ ಇವತ್ತೂ ಅದೇ. ಮುಟ್ಟು ಮುಂದೂಡುವ ಮಾತ್ರೆ ಆರು ಜನಕ್ಕೆ ಕೊಟ್ಟೆ. ಮುಟ್ಟಾದರೆ ಉಪವಾಸ ಹಿಡಿಯುವಂತಿಲ್ಲ; ಎಲ್ಲರಿಗೂ ರಂಜಾನಿನ ಮೂವತ್ತು ನೋಂಬೂ ಪೂರ್ತಿ ಆಗಬೇಕು. ಏಳನೆಯ ಸ್ಟ್ರಿಪ್ ನನ್ನ ಬ್ಯಾಗಿಗೆ. ನನ್ನ ಡೇಟ್ 8ಕ್ಕೆ. ಗಂಡನ ತಾಯಿ ಬೀಫಾತುಮ್ಮ ಮಾಮಿ ಬೆಳಿಗ್ಗೆಯೇ ಹೇಳಿದ್ದರು, "ಸುಹಾನಾ, ಈ ಸಲ ಒಂದೂ ಬಿಡ್ಬೇಡ ಮಗಳೇ. ಮಗುವಿಗೆ ದುಆ ಮಾಡುದಲ್ವಾ." ಮದುವೆಯಾಗಿ ಆರು ವರ್ಷ. ಬಿಡುವ ಮನಸ್ಸು ನನಗೂ ಇಲ್ಲ.

ಮಾರ್ಚ್ 19
ಗಂಡ ಮಶೂದ್ ಸೌದಿಯ ದಮ್ಮಾಮಿನಿಂದ ಬಂದರು. ಹದಿನೈದೇ ದಿನ ರಜೆ. ಪುತ್ತೂರಿನ ಡಾ. ಭಾವನಾ ನನ್ನ ತಿಂಗಳ ಲೆಕ್ಕ ನೋಡಿ, 22ರ ಆಸುಪಾಸು ಅಂಡ ಬಿಡುಗಡೆ ಎಂದಿದ್ದರು. ಟಿಕೆಟ್ ಮಾಡಿದ್ದೇ ಅದರ ಮೇಲೆ. ಮಶೂದ್ ಸ್ವಲ್ಪ ದಪ್ಪ ಆಗಿದ್ದಾರೆ. ಚಂದ ಕಾಣುತ್ತಾರೆ... ಹೇಳಲಿಲ್ಲ.

ಮಾರ್ಚ್ 23
ಮೊನ್ನೆ ರಂಜಾನಿನ ಪೆರ್ನಾಳ್ ಹಬ್ಬ ಮುಗಿಯಿತು. ಮೂವತ್ತೂ ಹಿಡಿದೆ. ಇವತ್ತು ಸ್ಕ್ಯಾನ್. ಅಂಡಾಶಯದಲ್ಲಿ ಏನೂ ಬೆಳೆದಿಲ್ಲ.
"ಎಂತ ತಗೊಂಡ್ರಿ?" ಡಾಕ್ಟರ್ ಕೇಳಿದರು. ಹೇಳಿದೆ.
"ಅಯ್ಯೋ ಮಾರಾಯ್ರೆ! ಅದು ಮುಟ್ಟು ಮಾತ್ರ ನಿಲ್ಲಿಸುದಲ್ಲ. ಮಾತ್ರೆ ತಗೊಳ್ಳುವಷ್ಟು ದಿನ ಮಿದುಳು ಅಂಡಾಶಯಕ್ಕೆ ಸೂಚನೆಯೇ ಕೊಡುದಿಲ್ಲ. ಇನ್ನು ಮುಟ್ಟಾಗಿ, ಮತ್ತೆ ಎರಡು ವಾರ ಬೇಕು."
ನೂರಾರು ಸ್ಟ್ರಿಪ್ ಮಾರಿದವಳು ನಾನು. ಮುಟ್ಟು ಮಾತ್ರ ಮುಂದೆ ಹೋಗುತ್ತದೆ ಎಂದುಕೊಂಡಿದ್ದೆ. ನನ್ನ ಮೇಲೆಯೇ ಸಿಟ್ಟು.

ಮಾರ್ಚ್ 24
ಡೇಟ್ ಆಯಿತು. ಮಶೂದ್‌ಗೆ ಎಲ್ಲ ಹೇಳಿದೆ. ನನ್ನ ಪಕ್ಕ ಬಂದು ಕೂತರು.
"ಮುಟ್ಟಾದ್ರೆ ನೋಂಬು ಬಿಟ್ಟು, ಮತ್ತೆ ಹಿಡಿಲಿಕ್ಕೆ ಉಂಟಲ್ಲ ಸುಹಾ. ಅಲ್ಲಾಹನೇ ಕೊಟ್ಟ ರಿಯಾಯಿತಿ ಅದು."
ರಜೆ ಮುಂದುವರಿಸಲು ಕಂಪೆನಿಗೆ ಫೋನ್ ಮಾಡಿದರು. ಆಗುವುದಿಲ್ಲವಂತೆ.

ಏಪ್ರಿಲ್ 1
ಸ್ಕ್ಯಾನ್. ಅಂಡದ ಕೋಶ 11 ಮಿ.ಮೀ. ಹದಿನೆಂಟಾದರೂ ಆಗದೆ ಅಂಡ ಬಿಡುಗಡೆಯ ಇಂಜೆಕ್ಷನ್ ಕೊಟ್ಟು ಪ್ರಯೋಜನವಿಲ್ಲ. ದಿನಕ್ಕೆ ಎರಡು ಮಿ.ಮೀ. ಬೆಳೆಯುತ್ತದಂತೆ. ಅದಕ್ಕೆ ಯಾವ ಅವಸರವೂ ಇಲ್ಲ.

ಏಪ್ರಿಲ್ 2
ಮಶೂದ್‌ರನ್ನು ಏರ್‌ಪೋರ್ಟಿಗೆ ಬಿಟ್ಟು ಬಂದೆವು. ಕಾರಿನಲ್ಲಿ ಮಾಮಿ ನನ್ನ ಕೈ ಹಿಡಿದರು. "ಮೂವತ್ತೂ ಹಿಡ್ದಿದ್ದಿ. ಈ ಸಲ ಆಗ್ತದೆ ನೋಡು." ಹೂಂ ಎಂದೆ.

ಏಪ್ರಿಲ್ 6
ಬೆಳಿಗ್ಗೆ ಮನೆಯಲ್ಲೇ ಅಂಡ ಬಿಡುಗಡೆಯ ದಿನ ತಿಳಿಯುವ ಮೂತ್ರ ಪರೀಕ್ಷೆ. ಗೆರೆ ದಟ್ಟವಾಗಿ ಬಂತು. ಮಿದುಳು ಈಗ ಸೂಚನೆ ಕೊಟ್ಟಿದೆ. ನಾಳೆ ಅಂಡ ಹೊರಗೆ. ಬಚ್ಚಲಲ್ಲೇ ಅಳು ಬಂತು. ಮುಖ ತೊಳೆದು ಅಂಗಡಿಗೆ ಹೋದೆ.
ಹನ್ನೊಂದಕ್ಕೆ ಆಫ್ರಾ ಬಂದಳು. ಹೋದ ವರ್ಷ ಮದುವೆಯಾದ ಹುಡುಗಿ. ಮಕ್ಕಾಕ್ಕೆ, ಉಮ್ರಾ ಯಾತ್ರೆಗೆ ಹೊರಟಿದ್ದಾಳೆ.
"ಅಕ್ಕ, ಡೇಟ್ ಮುಂದೆ ಹೋಗುವ ಮಾತ್ರೆ ಕೊಡಿ."
ಸ್ಟ್ರಿಪ್ ತೆಗೆದೆ. ಕೊಡಲಿಲ್ಲ. ಇಷ್ಟು ವರ್ಷದಲ್ಲಿ ಯಾರನ್ನೂ ಕೇಳದ್ದನ್ನು ಕೇಳಿದೆ, "ಗಂಡ ಊರಿಗೆ ಬರುದು ಯಾವಾಗ?"
"ಮೇ ಒಂದಕ್ಕೆ. ಯಾಕಕ್ಕ?"
ಸ್ಟೂಲ್ ಎಳೆದು, ಕೂತುಕೋ ಎಂದೆ. ಎಲ್ಲಿಂದ ಶುರು ಮಾಡುವುದು... ನನ್ನ ಮೂವತ್ತು ನೋಂಬಿನಿಂದಲೇ ಶುರು ಮಾಡಿದೆ.