ಮರಳಿನಲ್ಲಿ ಎಣಿಸಿದ ಹೆಜ್ಜೆ

ಏಪ್ರಿಲ್ 22, ಮಂಗಳವಾರ. ಬೆಳಗ್ಗೆ 7

…ನಮ್ ಕಡೀಕೆ ಬಂದಾಗ ನಿನ್ ಎಜ್ಜೆ ಚಿಕ್ಕದಾಯ್ತು. ಅದಕ್ಕೆ ಮುಂಚೆ ಅಕ್ಕ ಇನ್ನೇನೋ ಅಂದಿದ್ದಳು. ಏನು? ಜನವರಿಯಿಂದ ಈ ಅರ್ಧ ಮಾತ್ರ ಉಳಿದಿದೆ. ಹಲ್ಲುಜ್ಜುವಾಗ ಬರುತ್ತದೆ. ಇವತ್ತೂ ಬಂತು, ವ್ಯಾನಿನ ಅಂಗೈಯಗಲದ ಸಿಂಕಿನ ಎದುರು.

ಪೋರ್ಚುಗಲ್. ಮಿಲ್‌ಫೋಂತೆಶ್ ಎಂಬ ಊರಿನ ಕ್ಯಾಂಪ್‌ಸೈಟು. ವ್ಯಾನ್ ಬಾಡಿಗೆಗೆ ಹಿಡಿದು ಆರನೆಯ ದಿನ. ಮಲಗುವುದು, ಬೇಯಿಸುವುದು, ಜಗಳ ಎಲ್ಲ ಇದರೊಳಗೇ. ಓಡಿಸುವುದು ಹೆಂಡತಿ ವನಿತಾ. ರಸ್ತೆಯ ಬಲಗಡೆ ಹೋಗುವುದು ನನಗೆ ಒಗ್ಗಲಿಲ್ಲ. ಅವಳಿಗೆ ಎರಡೇ ದಿನ ಸಾಕಾಯಿತು. ವಿದ್ಯಾರಣ್ಯಪುರದ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಭೂಗೋಳ ಪಾಠ ಮಾಡಿದವಳು. ಕೆಲಸ ಬಿಟ್ಟ ವಾರವೇ ಟಿಕೆಟ್ ಮಾಡಿದಳು. "ರೀ, ಮ್ಯಾಪ್ ಮೇಲೆ ಬೆರಳಿಟ್ಟು ತೋರ್ಸಿದ್ದು ಸಾಕು" ಎಂದಷ್ಟೇ ಹೇಳಿದ್ದು.

ಅಣ್ಣನ ವಾಯ್ಸ್ ಮೆಸೇಜ್. ಮುನಿಆಂಜಿನಪ್ಪ ಟೈಪ್ ಮಾಡುವವನಲ್ಲ.

"ಏನಪ್ಪ ಸುರೇಶ, ಸಮುದ್ರ ನೋಡ್ಕೊಂಡು ಆರಾಮಾಗಿದ್ಯಾ. ಅಳೇ ಅಳತೆ ಸರಿಯಾಗೈತೆ ಅಂತ ಒಂದು ಲೆಟರ್ ಬರ್ದು, ಸೈನ್ ಆಕಿ, ಫೋಟೋ ಕಳ್ಸು. ಸೋಮವಾರದೊಳಗೆ. ಲೇಔಟ್‌ನೋರು ಕಾಯ್ತವ್ರೆ."

ಕಳಿಸುವುದೇನು ಕಷ್ಟ. ಆದರೂ ಕಳಿಸಿಲ್ಲ.

ಬರೆದಿಟ್ಟರೆ ತಲೆಯಿಂದ ಇಳಿಯಬಹುದು. ರಾಜಾನುಕುಂಟೆಯ ಆಚೆ, ಕೆರೆಯಂಚಿನ ಹೊಲ. 2003ರಲ್ಲಿ ಅಮ್ಮ ಸಮನಾಗಿ ಭಾಗ ಮಾಡಿಸಿದಳು. ರಸ್ತೆ ಕಡೆಯದು ಅಣ್ಣನಿಗೆ, ಕೆರೆ ಕಡೆಯದು ಅಕ್ಕ ಕೃಷ್ಣಮ್ಮನಿಗೆ, ಯಲಹಂಕದ ಮನೆ ನನಗೆ. ಅಳೆಯುವವನೂ ನಾನೇ, ಲೈಸೆನ್ಸ್ ಇರುವ ಸರ್ವೆಯರ್. ಅಳತೆಯ ಚೈನು ತಂದಿದ್ದೆ. ಅಮ್ಮ ಗಾಡಿಯಿಂದ ಇಳಿಸಲು ಬಿಡಲಿಲ್ಲ. ಒಡಹುಟ್ಟಿದವರ ಮಧ್ಯೆ ಸರಪಳಿ ಎಳೆಯೋದು ನಮ್ಮಲ್ಲಿಲ್ಲ, ಅಂದಳು. ಹೆಜ್ಜೆಯಲ್ಲಿ ಅಳೆದೆ. ರಸ್ತೆಯಿಂದ ಕೆರೆಗೆ ಇನ್ನೂರ ನಲವತ್ತು. ನೂರಿಪ್ಪತ್ತಕ್ಕೆ ಅಕ್ಕನ ಗಂಡ ಲಕ್ಕಣ್ಣ ಭಾವ ಗಡಿ ಕಲ್ಲು ನೆಟ್ಟ. ಆಮೇಲೆ ನಕ್ಷೆ ಬರೆಯುವಾಗ ಈ ಕಡೆ ತೊಂಬತ್ತು ಮೀಟರ್, ಆ ಕಡೆ ತೊಂಬತ್ತು ಮೀಟರ್ ಎಂದು ಬರೆದೆ. ಹೆಜ್ಜೆ ಎಂದು ಬರೆಯಲಿಲ್ಲ.

ಆರು ವರ್ಷದ ಹಿಂದೆ ಭಾವ ತೀರಿಕೊಂಡ. ತನ್ನ ಹೊಲದ ಅಂಚು ಎಂದು ಅಕ್ಕ ತೋರಿಸಿದ ಕಡೆ ಮಣ್ಣು ಮಾಡಿದೆವು. ಆಗ ಯಾರೂ ಕಲ್ಲು ಎಲ್ಲಿದೆ ಎಂದು ನೋಡಲಿಲ್ಲ. ಈಗ ಅಣ್ಣ ತನ್ನ ಭಾಗವನ್ನು ಲೇಔಟಿಗೆ ಕೊಟ್ಟಿದ್ದಾನೆ. ನೋಡಿದರೆ ಭಾವನ ಸಮಾಧಿ ಕಲ್ಲಿನಿಂದ ಎರಡು ಹೆಜ್ಜೆ ಆಚೆ, ಅಣ್ಣನ ಕಡೆ. ಲೇಔಟಿನ ಹೊಸ ರಸ್ತೆ ಸರಿಯಾಗಿ ಅದರ ಮೇಲೆ ಬರುತ್ತದೆ. ಎತ್ತಿ ಬೇರೆ ಕಡೆ ಇಡೋಣ ಅನ್ನುತ್ತಾನೆ ಅಣ್ಣ. ಅಕ್ಕ ಪ್ರತಿ ಅಮಾವಾಸ್ಯೆ ಅಲ್ಲಿ ದೀಪ ಹಚ್ಚುತ್ತಾಳೆ.

ಜನವರಿಯಲ್ಲಿ, ಗೂಟ ಹೊಡೆಯುವ ದಿನ, ಎಲ್ಲರೆದುರು ಅಕ್ಕ ಆ ಮಾತು ಅಂದದ್ದು. ನನ್ನ ಉತ್ತರ ಮಾತ್ರ ಪೂರ್ತಿ ನೆನಪಿದೆ. "ಅಳತೆಗೆ ಅಕ್ಕ ತಮ್ಮ ಇಲ್ಲಕ್ಕ." ಅವತ್ತು ಅದು ಒಳ್ಳೆಯ ವಾಕ್ಯ ಅನ್ನಿಸಿತ್ತು. ಆಮೇಲೆ ಅವಳು ನನ್ನ ಫೋನ್ ಎತ್ತಿಲ್ಲ.

ಏಪ್ರಿಲ್ 24, ಗುರುವಾರ. ಸಂಜೆ 7, ಇನ್ನೂ ಬಿಸಿಲು

ಕಾಲು ಬಕೆಟ್ಟಿನಲ್ಲಿದೆ. ಬರೆಯುತ್ತಿದ್ದೇನೆ.

ಇವತ್ತು ನಡಿಗೆ. ಇಲ್ಲಿಂದ ಅಲ್ಮೊಗ್ರಾವ್ ಎಂಬ ಊರಿಗೆ, ಸಮುದ್ರದ ಅಂಚಿನಲ್ಲೇ, ಹದಿನೈದು ಕಿಲೋಮೀಟರ್. ಹಿಂದೆ ಮೀನು ಹಿಡಿಯುವವರು ಓಡಾಡುತ್ತಿದ್ದ ದಾರಿ. ಎಡಕ್ಕೆ ಕುರುಚಲು ಪೊದೆ, ಬಲಕ್ಕೆ ಬಂಡೆ ನೇರ ಕೆಳಗೆ, ಕೆಳಗೆ ನೀರು. ದಾರಿಯ ಅಗಲ ಹೊಲದ ಬದುವಿನಷ್ಟು. ಚಿಕ್ಕವನಾಗಿ ಬದುವಿನ ಮೇಲೆ ಓಡಿದ ಕಾಲು ಇದು. ಹೆದರಲಿಲ್ಲ. ಒಂದು ಬಂಡೆ ದಡದಿಂದ ಬೇರಾಗಿ ಸಮುದ್ರದೊಳಗೆ ಒಂಟಿಯಾಗಿ ನಿಂತಿದೆ. ಅದರ ತುದಿಯಲ್ಲಿ ಕೊಕ್ಕರೆ ಗೂಡು. ಸುತ್ತ ನೀರು, ಮೇಲೆ ಸಂಸಾರ. ವನಿತಾ ಬಹಳ ಹೊತ್ತು ನೋಡಿದಳು.

ಹೆಜ್ಜೆ ಎಣಿಸುತ್ತಿದ್ದೆ. ಅಭ್ಯಾಸ. ಸಾವಿರಕ್ಕೊಂದು ಹುಣಸೆಬೀಜ, ಎಡಜೇಬಿನಿಂದ ಬಲಜೇಬಿಗೆ.

"ಬೀಜ ಇಲ್ಲಿಗೂ ತಂದ್ರಾ" ಎಂದಳು. "ಏರ್‌ಪೋರ್ಟಲ್ಲಿ ಕೇಳಿದ್ರೆ ಏನಂತಿದ್ರಿ, ಚೌಕಾಬಾರ ಆಡೋಕೆ ಅಂತಾನಾ?"

"ಕೇಳ್ಲಿಲ್ವಲ್ಲ."

"ಫೋನಲ್ಲಿ ನೋಡ್ಬಹುದು ಕಣ್ರೀ, ಎಷ್ಟು ಬಂದ್ವಿ ಅಂತ."

"ಫೋನ್ ಬ್ಯಾಗಲ್ಲಿರ್ಲಿ. ನನ್ನ ಹೆಜ್ಜೆ ಮುಕ್ಕಾಲು ಮೀಟರ್. ಮೂವತ್ತು ವರ್ಷದಿಂದ ಅಷ್ಟೇ."

ಮರಳು. ಬಂಡೆಯ ಮೇಲೂ ಮರಳಿನ ದಿಣ್ಣೆ, ಇಳಿದರೆ ಮತ್ತೊಂದು. ದಪ್ಪ ಎಲೆಯ ಬಳ್ಳಿ, ಹಳದಿ ಹೂ, ಮತ್ತೆ ಮರಳು. ಶೂ ಬಿಚ್ಚಿ ಕೊಡವುವುದು, ಹಾಕುವುದು. ಮಧ್ಯಾಹ್ನದ ಹೊತ್ತಿಗೆ ಬಲಜೇಬಿನಲ್ಲಿ ಹದಿನಾಲ್ಕು ಬೀಜ, ಮೇಲೆ ಆರುನೂರು ಹೆಜ್ಜೆ. ಹನ್ನೊಂದು ಕಿಲೋಮೀಟರ್ ಆಯಿತು, ಇನ್ನು ನಾಲ್ಕು ಎಂದೆ. ಹಾಗಾದ್ರೆ ಮುಗಿಸ್ತೀನಿ ಎಂದು ವನಿತಾ ಬಾಟಲಿಯಲ್ಲಿದ್ದ ನೀರು ಕುಡಿದಳು.

ಮುಂದಿನ ದಿಣ್ಣೆ ಹತ್ತಿದರೆ ಮರದ ಕಂಬ. ಅದರ ಮೇಲೆ ಬಾಣದ ಗುರುತು. ಅಲ್ಮೊಗ್ರಾವ್ 7.

"ಬೋರ್ಡ್ ತಪ್ಪಿರ್ಬೇಕು" ಎಂದೆ.

ವನಿತಾ ಕೂತುಬಿಟ್ಟಳು. ಅವಳ ಎಡ ಮಂಡಿ ಬೆಳಗಿನಿಂದ ನೋಯುತ್ತಿತ್ತು. ಖಾಲಿ ಬಾಟಲಿ ನನಗೆ ಕೊಟ್ಟು ಹೇಳಿದಳು, "ಬೋರ್ಡಿಗೆ ಗಂಡ ಹೆಂಡ್ತಿ ಇಲ್ಲ ಕಣ್ರೀ."

ಹಿಂತಿರುಗಿ ನೋಡಿದೆ. ದಿಣ್ಣೆಯುದ್ದಕ್ಕೂ ನನ್ನ ಹೆಜ್ಜೆ ಗುರುತು. ಬೆರಳಿನ ಕಡೆ ಆಳ, ಹಿಮ್ಮಡಿ ಜಾರಿ ಹಿಂದಕ್ಕೆ. ಒಂದರ ಬೆನ್ನಿಗೆ ಒಂದು ಒತ್ತೊತ್ತಾಗಿ. ದೊಡ್ಡ ಹೆಜ್ಜೆ ಇಡುತ್ತಿದ್ದೇನೆ ಎಂದು ನಾನು ತಿಳಿದಿದ್ದ ಜಾಗದಲ್ಲಿ ಮಗುವಿನ ನಡಿಗೆ. ನಾನು ಯಾವ ಮೋಸವನ್ನೂ ಮಾಡಿರಲಿಲ್ಲ. ಆದರೂ ಹದಿನಾಲ್ಕು ಸಾವಿರ ಸುಳ್ಳು.

ಅಲ್ಲಿ ನಿಂತಾಗಲೇ 2003ರ ಜೂನ್ ಕಣ್ಣೆದುರು ಬಂತು. ಹಿಂದಿನ ದಿನ ಮಳೆ. ರಸ್ತೆ ಕಡೆ ಗಟ್ಟಿ ನೆಲ, ಕೆರೆ ಕಡೆ ಜೇಡಿ ಕೆಸರು. ಭಾವ ಪಕ್ಕದಲ್ಲೇ ನಡೆಯುತ್ತಿದ್ದ. "ಸುರೇಶಪ್ಪ, ಇಂಗ್ ಬಾ, ಅಲ್ಲಿ ಜಾರ್ತೈತೆ" ಅನ್ನುತ್ತಿದ್ದ. ನಾನು ಎಣಿಸುತ್ತಿದ್ದೆ. ಉತ್ತರ ಕೊಟ್ಟರೆ ಲೆಕ್ಕ ತಪ್ಪುತ್ತದೆ.

ಉಳಿದ ಏಳು ಕಿಲೋಮೀಟರಿಗೆ ಮೂರು ಗಂಟೆ. ಗಾಳ ಹೊತ್ತು ಎದುರು ಬಂದ ಮುದುಕನೊಬ್ಬ ಅರ್ಧ ಬಾಟಲಿ ನೀರು ಕೊಟ್ಟ. ಕೊಡುವಾಗ ನನ್ನನ್ನು ನೋಡಲಿಲ್ಲ, ವನಿತಾಳ ಮಂಡಿ ನೋಡಿದ.

ಅಲ್ಮೊಗ್ರಾವಿನಲ್ಲಿ ಟ್ಯಾಕ್ಸಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದೆವು. ಕೇಳಿದೆ. "ಜನವರಿಯಲ್ಲಿ ಅಕ್ಕ ಅಂದಳಲ್ಲ, ಹೆಜ್ಜೆ ಚಿಕ್ಕದಾಯ್ತು ಅಂತ. ಅದಕ್ಕೆ ಮುಂಚೆ ಏನೋ ಅಂದಳು."

"ನಿಮಗೆ ನೆನಪಿಲ್ವಾ?"

"ಇಲ್ಲ."

"ನಿನ್ ತಪ್ಪಲ್ಲ ಕಣೋ, ಅವತ್ತು ಕೆಸ್ರಿತ್ತು. ಹಾಗಂದ್ರು. ಆಮೇಲೆ ಹೆಜ್ಜೆ ಮಾತು."

ಟ್ಯಾಕ್ಸಿ ಬಂತು. ಯಾಕೆ ಇಷ್ಟು ದಿನ ಹೇಳಲಿಲ್ಲ ಎಂದು ಕೇಳಿದೆ. ಬಾಗಿಲು ಹಾಕಿಕೊಂಡು ಹೇಳಿದಳು, "ನೀವು ಅವರಿಗೆ ಉತ್ರ ಕೊಟ್ಟ ರೀತಿ ನೋಡಿ ನಾನೂ ಸುಮ್ನಾದೆ."

ಏಪ್ರಿಲ್ 25, ಶುಕ್ರವಾರ. ಬೆಳಗ್ಗೆ 9

ಇಲ್ಲಿ ಏನೋ ರಾಷ್ಟ್ರೀಯ ರಜೆ. ಅಂಗಡಿ ಮುಚ್ಚಿವೆ. ಕಾಫಿ ಕೊಟ್ಟ ಹೆಂಗಸು ವನಿತಾಳ ಕೈಗೊಂದು ಕೆಂಪು ಹೂ ಕೊಟ್ಟಳು.

ಊರಿನ ಪಕ್ಕ ನದಿ ಸಮುದ್ರ ಸೇರುತ್ತದೆ. ಬೆಳಗ್ಗೆ ನೀರು ಇಳಿದಿತ್ತು. ದಡದಲ್ಲಿ ಕೆಸರು, ನಮ್ಮ ಕೆರೆಯಂಚಿನಂಥದೇ. ಪ್ಯಾಂಟು ಮಡಚಿ ಇಳಿದೆ. ಬೇಕೆಂದು ದೊಡ್ಡ ಹೆಜ್ಜೆ ಹಾಕಲಿಲ್ಲ. ಅವತ್ತು ನಡೆದ ಹಾಗೇ ಇಪ್ಪತ್ತು. ನನ್ನ ಬ್ಯಾಗಿನಲ್ಲಿ ಸದಾ ಇರುವ ಟೇಪಿನ ಒಂದು ತುದಿ ವನಿತಾ ಹಿಡಿದಳು. ಹದಿನೈದು ಮೀಟರ್ ಇರಬೇಕಾದ್ದು ಹದಿಮೂರು ಮೀಟರ್ ನಲವತ್ತು. ಮತ್ತೊಮ್ಮೆ ನಡೆದೆ. ಹದಿಮೂರೂವರೆಗೆ ಸ್ವಲ್ಪ ಕಡಿಮೆ.

"ಸಾಕಾ?" ಎಂದಳು. ಹೂ ಅವಳ ಬಾಯಲ್ಲಿತ್ತು, ಕೈ ಖಾಲಿಯಿರಲಿಲ್ಲ.

ಸಾಕು. ಅಕ್ಕನ ತೊಂಬತ್ತು ತೊಂಬತ್ತಲ್ಲ, ಎಂಬತ್ತರ ಹತ್ತಿರ. ಸಮ ಪಾಲು ಎಂದರೆ ಕಲ್ಲು ಸುಮಾರು ಐದು ಮೀಟರ್ ಅಣ್ಣನ ಕಡೆ ಸರಿಯಬೇಕು. ಸಮಾಧಿ ಅದರೊಳಗೆ ಬರುತ್ತದೆ. ಅಕ್ಕ ತನ್ನ ನೆಲದಲ್ಲೇ ಗಂಡನನ್ನು ಮಲಗಿಸಿದ್ದಳು. ಟೇಪಿಲ್ಲದೆ.

ಏಪ್ರಿಲ್ 26, ಶನಿವಾರ. ಮಧ್ಯಾಹ್ನ

ಅಣ್ಣನಿಗೆ ಫೋನ್ ಮಾಡಿದೆ. ಕೆಸರು, ಹೆಜ್ಜೆ, ನಕ್ಷೆಯಲ್ಲಿ ಮೀಟರ್ ಎಂದು ಬರೆದದ್ದು. ಎಲ್ಲ ಹೇಳಿದೆ.

"ಸುರೇಶ, ಅಲ್ಲಿ ಬಿಸ್ಲು ಜಾಸ್ತಿನಾ?"

"ಇಲ್ಲಣ್ಣ."

"ಮತ್ತೆ ಇಪ್ಪತ್ತೆರಡು ವರ್ಷ ಬಿಟ್ಟು, ಯಾವ್ದೋ ದೇಶದ ಒಳೆ ಕೆಸ್ರು ತುಳ್ದು, ನನ್ ಒಲ ಐದು ಮೀಟರ್ ಕಮ್ಮಿ ಅಂತೀಯಲ್ಲೋ."

"ಕಮ್ಮಿ ಆಗ್ಲಿಲ್ಲ ಅಣ್ಣ. ಅದು ನಿಂದಾಗಿರ್ಲಿಲ್ಲ."

"ನಿನ್ನ ಸರ್ವೆ ಓದ್ಸಿದ್ದು ಯಾರು?"

"ನೀನೇ."

ಫೋನ್ ಇಟ್ಟ. ಅದು ನಿಜ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ನೇಗಿಲು ಹಿಡಿದದ್ದು ಅವನು. ಅವನ ಮುಂದೆ ಸರಿಯಾಗಿರುವುದೂ ಒಂದು ಬಗೆಯ ಕೃತಘ್ನತೆ.

ಆದರೂ ಬರೆದೆ. ಹಳೆಯ ಅಳತೆ ತಪ್ಪು. ಹೆಜ್ಜೆಯಲ್ಲಿ ಅಳೆದು ಮೀಟರ್ ಎಂದು ಬರೆದವನು ನಾನು. ಮೇ ತಿಂಗಳಲ್ಲಿ ಬಂದು ಚೈನು ಹಿಡಿದು ಅಳೆಯುತ್ತೇನೆ. ಸಹಿ ಹಾಕಿ, ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ, ಲೇಔಟಿನವರಿಗೂ. ಮತ್ತೆ ಅಳೆಯುವವರೆಗೆ ಆ ರಸ್ತೆ ಮುಟ್ಟುವುದಿಲ್ಲ ಎಂದು ಅವರಿಂದ ಉತ್ತರ ಬಂತು. ಲೈಸೆನ್ಸ್ ಏನಾಗುತ್ತದೋ. ನೋಡೋಣ.

ಅಣ್ಣನ ಕಡೆಯಿಂದ ಎರಡು ನೀಲಿ ಟಿಕ್. ಅಷ್ಟೇ.

ಅಕ್ಕನಿಗೆ ಇನ್ನೂ ಹೇಳಿಲ್ಲ. "ಮೊದ್ಲು ಅವರಿಗೆ ಹೇಳ್ಬೇಕಿತ್ತು" ಎಂದಳು ವನಿತಾ. ಗೊತ್ತು. ಅಣ್ಣನ ಬೈಗುಳ ಸುಲಭ. ಅಕ್ಕ ಬೈಯುವುದಿಲ್ಲ.

ಏಪ್ರಿಲ್ 28, ಸೋಮವಾರ. ಮಧ್ಯಾಹ್ನ 3

ಬೆಳಗ್ಗೆ ಹನ್ನೊಂದೂವರೆಯಿಂದ ಇಡೀ ದೇಶದಲ್ಲಿ ಕರೆಂಟಿಲ್ಲ. ಪಕ್ಕದ ಸ್ಪೇನಿನಲ್ಲೂ ಇಲ್ಲವಂತೆ. ಯಾಕೆ ಎಂದು ಯಾರಿಗೂ ತಿಳಿಯದು. ನಮ್ಮ ವ್ಯಾನಿನಲ್ಲಿ ಗ್ಯಾಸ್ ಒಲೆ ಇದೆ. ಕ್ಯಾಂಪ್‌ಸೈಟಿನ ಆಫೀಸಿನವಳು ಚೊಂಬು ಹಿಡಿದು ಬಿಸಿನೀರಿಗೆ ಬಂದಳು. ವನಿತಾ ಅವಳನ್ನು ಕೂರಿಸಿ ಚಹಾ ಮಾಡಿ ಕೊಟ್ಟಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಒಂದು ಗಂಟೆ ಮಾತಾಡಿದರು.

ಎರಡು ಗಂಟೆಗೆ ಅಕ್ಕನಿಗೆ ಫೋನ್ ಮಾಡಿದೆ. ಅಲ್ಲಿ ಆರೂವರೆ, ಹಾಲು ಕರೆದು ಕೈ ತೊಳೆದಿರುವ ಹೊತ್ತು. ಎರಡು ರಿಂಗ್ ಆಯಿತು. ಮೂರನೆಯದಕ್ಕೆ ಕಟ್. ಅವಳೇ ಕಟ್ ಮಾಡಿದಳು ಅಂದುಕೊಂಡೆ. ಆಮೇಲೆ ನೋಡಿದರೆ ಫೋನಿನಲ್ಲಿ ನೆಟ್‌ವರ್ಕೇ ಇಲ್ಲ. ಕಟ್ ಮಾಡಿದ್ದು ಅವಳೋ, ಈ ದೇಶವೋ, ಈಗ ತಿಳಿಯುವ ದಾರಿಯಿಲ್ಲ. ಅಲ್ಮೊಗ್ರಾವಿನವರೆಗೂ ಟವರ್ ಸತ್ತಿದೆ ಎಂದು ಆಫೀಸಿನವಳು ಕೈಸನ್ನೆಯಲ್ಲಿ ಹೇಳಿದಳು.

ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿದ್ದೆ. ಕೆಸರು, ಇಪ್ಪತ್ತು ಹೆಜ್ಜೆ, ಹದಿಮೂರು ನಲವತ್ತು. ಈಗ ಅದೆಲ್ಲ ಅವಳಿಗೆ ಗೊತ್ತಿರುವುದೇ ಅನ್ನಿಸುತ್ತಿದೆ. ತಪ್ಪಲ್ಲ ಎಂದು ಅವಳು ಮೊದಲೇ ಹೇಳಿಯಾಗಿತ್ತು. ಕೆಸರಿಗೆ ಅದು ಸರಿ. ಮೀಟರ್ ಎಂದು ಬರೆದದ್ದಕ್ಕೆ ಕೆಸರಿನ ನೆಪವಿಲ್ಲ.

ಆ ಚೈನು ಇನ್ನೂ ಯಲಹಂಕದ ಮನೆಯ ಅಟ್ಟದ ಮೇಲಿದೆ, ತುಕ್ಕು ಹಿಡಿದು. ಎಣ್ಣೆ ಹಾಕಬೇಕು. ಒಬ್ಬನೇ ಎಳೆಯಲಾಗುವುದಿಲ್ಲ, ಎರಡು ತುದಿಗೆ ಇಬ್ಬರು ಬೇಕು. ಮುಂಚೆಲ್ಲ ಆ ತುದಿ ಹಿಡಿಯುತ್ತಿದ್ದವನು ಭಾವ…

ಅಕ್ಕ, ನಾನು ತಂದರೆ, ಆ ತುದಿ ನೀನು ಹಿಡ್ಕೋತೀಯಾ?