ನಿನ್ನ ಭಾಗದ ಪ್ರಶ್ನೆ

ಸಂಗೀತಾ,

ನಾವಿಬ್ಬರೂ ಸೇರಿ ಮಾಡಬೇಕಿದ್ದ ಸೆಮಿನಾರನ್ನು ಇವತ್ತು ಶಿಕಾರಿಪುರದ ಕಾಲೇಜಿನಲ್ಲಿ ನಾನೊಬ್ಬಳೇ ಮುಗಿಸಿದೆ. ನಿನ್ನ ಫೋನು ಈಗ ನಿನ್ನ ಗಂಡನ ಹತ್ತಿರವೇ ಇರುತ್ತದಂತೆ. ಅದಕ್ಕೇ ಮೆಸೇಜು ಮಾಡದೆ ಸುಮ್ಮನೆ ನನ್ನ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ.

ವಿಷಯ ಅದೇ, ಮರಿ ಹಾಕಲು ಕಷ್ಟಪಡುವ ಕುರಿಗೆ ಹೇಗೆ ನೆರವಾಗಬೇಕು ಎಂಬುದು. ಮುಂದೆ ಪಶು ಆಸ್ಪತ್ರೆಯಲ್ಲಿ ನಾವು ಮಾಡಬೇಕೆಂದುಕೊಂಡಿದ್ದ ಕೆಲಸ. ನೀನು ಮದುವೆಯಾಗಿ ಕುಪ್ಪಗಡ್ಡೆಗೆ ಹೋದ ಮೇಲೆ ನಿನ್ನ ಭಾಗವನ್ನೂ ನಾನೇ ಓದಿಕೊಂಡೆ. ವಿವರ ಕೇಳಲು ತೊಗರ್ಸಿಯ ಕುರಿಹಟ್ಟಿಗಳಿಗೂ ಒಬ್ಬಳೇ ಅಲೆದೆ. ಅಲ್ಲಿ ಕುರಿ ಸಾಕುವ ಗುಡ್ಡಮ್ಮ, "ಹೋದ್ಸಲ ಜೊತಿಗೆ ಇದ್ಲಲ್ಲ, ಆ ಹುಡುಗಿ ಎಲ್ಲವ್ವ?" ಎಂದರು.

"ಮದುವೆ ಆತಮ್ಮ."

"ಹಂಗಾರೆ ಓದು?"

ನಾನು ಅವರ ಕುರಿಗಳ ಬಗ್ಗೆ ಕೇಳತೊಡಗಿದೆ.

ಇವತ್ತು ಮಾತು ಚೆನ್ನಾಗಿಯೇ ಬಂತು. ಕೊನೆಗೆ ಯತೀಶ ಸರ್, "ಹೊಟ್ಟೆಯೊಳಗೆ ಮರಿ ಅಡ್ಡ ತಿರುಗಿದ್ರೆ ಮೊದ್ಲು ಏನ್ ಮಾಡ್ತೀರಿ? ಹೇಳ್ರಿ" ಎಂದರು. ಅದು ನಿನ್ನ ಭಾಗದ ಪ್ರಶ್ನೆ. ಜೊತೆಯಲ್ಲಿ ಅಷ್ಟು ಸಲ ಅಭ್ಯಾಸ ಮಾಡಿದ್ದೆವಲ್ಲ, ನನಗೇ ತಿಳಿಯದಂತೆ ಪಕ್ಕಕ್ಕೆ ಸರಿದು ನಿನಗೆ ಜಾಗ ಬಿಟ್ಟು ನಿಂತೆ. ತರಗತಿಯವರೆಲ್ಲ ಕಾದರು. ನನಗೆ ಗೊತ್ತಿಲ್ಲವೆಂದುಕೊಂಡು ಸರ್ ತಾವೇ ಉತ್ತರ ಹೇಳಿದರು. ನಾನೂ ಗೊತ್ತಿಲ್ಲದವಳಂತೆ ತಲೆಯಾಡಿಸಿದೆ.

ಹೊರಗೆ ಬಂದಾಗ, ನಿನ್ನ ಕುಪ್ಪಗಡ್ಡೆಗೆ ಬರಲು ಹತ್ತಬೇಕಾದ ಸೊರಬದ ಬಸ್ಸು ನಿಂತಿತ್ತು. ಕಂಡಕ್ಟರ್ "ಬರ್ತೀರೇನ್ರೀ?" ಎಂದು ಕೇಳಿದರು.

ಹತ್ತಲಿಲ್ಲ. ತುಂಬ ಸುಸ್ತಾಗಿತ್ತು ಕಣೇ.

ನಾಗಶ್ರೀ